ಎರಡು ರೂಪಾಯಿಯ ದಾರಿ

ಹಿತ್ತಲ ಗೋಡೆಯ ಮೇಲೆ ಕೂತಾಗ ಶಿವನಂಜಪ್ಪನಿಗೆ ದಿನವೂ ನಗು ಬರುತ್ತಿತ್ತು. ಈ ದಿನವೂ ಬಂತು. ನಲವತ್ತೆರಡು ವರ್ಷದ ಮನುಷ್ಯ, ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಕೈಚೀಲದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ ಕೂತಿದ್ದಾನೆ. ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದಡಿ ಇದೇ ಮನುಷ್ಯನಿಗೆ ಜನ ಕೈಮುಗಿದು ‘ಬರೆಯೋರೆ’ ಎಂದು ಕರೆಯುತ್ತಾರೆ. ಅವರಲ್ಲಿ ಒಬ್ಬ ಈಗ ಈ ಕಡೆ ಬಂದರೆ? ಆ ಯೋಚನೆಗೆ ಎದೆ ಧಸಕ್ಕೆನ್ನಬೇಕಿತ್ತು; ಅದರ ಬದಲು ಹೊಟ್ಟೆಯೊಳಗೆ ಯಾರೋ ಬೆರಳಾಡಿಸಿದಂತೆ ಕಚಗುಳಿಯಾಯಿತು. ಹೆಂಡತಿ ಶಾಂತಲಾ ಮುಂದಿನ ನಲ್ಲಿಯಲ್ಲಿ ಕೊಡ ತುಂಬುವ ಹೊತ್ತು ನೋಡಿಕೊಂಡೇ ಅವನು ಗೋಡೆ ಹತ್ತುತ್ತಿದ್ದ. ಮೊದಲ ತಿಂಗಳು ಹತ್ತುವುದು ಕಷ್ಟವಾಗಿತ್ತು, ಮಂಡಿ ತರಚಿತ್ತು. ಆಮೇಲೊಂದು ದಿನ ಗೋಡೆಯ ಬುಡದಲ್ಲಿ ಹದವಾದ ಸೈಜುಗಲ್ಲೊಂದು ಬಿದ್ದಿತ್ತು. ಯಾವನೋ ಗಾರೆಯವನು ಬಿಟ್ಟುಹೋದದ್ದಿರಬೇಕು. ಕೆಟ್ಟ ಕೆಲಸಕ್ಕೂ ದೇವರು ಒಂದು ಮೆಟ್ಟಿಲು ಇಡುತ್ತಾನಲ್ಲ ಎಂದು ಅವನು ಅದರ ಮೇಲೆ ಕಾಲಿಟ್ಟಿದ್ದ.

ಮುಂದಿನ ದಾರಿಯಲ್ಲಿ ಹೋಗುವಂತಿರಲಿಲ್ಲ. ಬೀದಿಗೆ ದೊಡ್ಡತಾಯಮ್ಮನ ಮನೆ, ಅದರ ಹಿಂದೆ ಒಂದೇ ಸೂರಿನಡಿ ಅವಳವೇ ಆರು ಬಾಡಿಗೆ ಮನೆಗಳು, ಐದನೆಯದು ಇವನದು. ಆರೂ ಮನೆಯವರು ಬೀದಿಗೆ ಬೀಳಬೇಕಾದರೆ ಅವಳ ಜಗಲಿಯ ಮುಂದೆಯೇ ಹಾಯಬೇಕು. ಅವಳೋ ಹೊತ್ತು ಮೂಡಿದ ಕೂಡಲೇ ಮೊರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರೆ ಮಧ್ಯಾಹ್ನದ ತನಕ ಏಳುವವಳಲ್ಲ. ಎಂದೂ ಯಾರನ್ನೂ ಬಾಡಿಗೆ ಎಲ್ಲಿ ಎಂದು ಕೇಳಿದವಳೂ ಅಲ್ಲ. “ಉಂಡ್ಯಾ?” ಎಂದು ಕೇಳುತ್ತಾಳೆ, ಅಷ್ಟೆ. ತಿಂಗಳಿಗೆ ನಾನೂರ ಐವತ್ತರಂತೆ ಮೂರು ತಿಂಗಳ ಬಾಡಿಗೆ ಉಳಿಸಿಕೊಂಡವನಿಗೆ ಆ ಒಂದು ಮಾತನ್ನು ದಾಟಿ ಹೋಗುವುದಕ್ಕಿಂತ ಗೋಡೆ ದಾಟುವುದೇ ಸುಲಭವಾಗಿತ್ತು. ಮೂರು ತಿಂಗಳೂ ಶಾಂತಲಾ, “ಬಾಡಿಗೆ ಕೊಟ್ರಾ?” ಎಂದು ಕೇಳಿದ್ದಳು. ಮೂರು ತಿಂಗಳೂ ಅವನು ಅನ್ನ ಕಲೆಸುತ್ತಾ “ಹ್ಞೂ” ಎಂದಿದ್ದ. ಮೊದಲ ಹ್ಞೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎರಡನೆಯದು ನೀರಿನ ಜೊತೆ ಇಳಿದಿತ್ತು. ಮೂರನೆಯದನ್ನು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ನಿಜವಾಗಿಯೂ ಕೊಟ್ಟಿರಬಹುದೇನೋ ಎಂದು ಒಂದು ಕ್ಷಣ ಅವನಿಗೇ ಅನ್ನಿಸಿ ಸಮಾಧಾನವಾಗಿತ್ತು.

ಗೋಡೆಯಾಚೆ ಹುರುಳಿ ಕಿತ್ತ ಹೊಲ, ಆಮೇಲೆ ಸಣ್ಣ ಹಳ್ಳ, ಅದನ್ನು ದಾಟಿದರೆ ಹ್ಯಾಂಡ್‌ಪೋಸ್ಟ್ ಊರಿನ ಕಡೆಯಿಂದ ಬರುವ ಟಾರು ರಸ್ತೆ. ಮರವೊಂದರ ಕೆಳಗೆ ಪಂಚೆ ಇಳಿಸಿ, ಚಪ್ಪಲಿಯ ಕೆಸರನ್ನು ಹುಲ್ಲಿಗೆ ಒರೆಸಿ ಕೈ ಅಡ್ಡ ಹಾಕಿದರೆ ಮೈಸೂರಿನಿಂದ ಬಂದ ಬಸ್ಸು ನಿಲ್ಲುತ್ತಿತ್ತು. ಎರಡು ರೂಪಾಯಿ ಟಿಕೆಟ್ಟು. ಕಿಟಕಿಯ ಗಾಳಿ ಕೂದಲನ್ನು ಹಿಂದಕ್ಕೆ ತಳ್ಳುತ್ತಿತ್ತು. ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಅವನು ಮೈಸೂರಿನವರ ಜೊತೆ, ಅವರಷ್ಟೇ ಗಂಭೀರವಾಗಿ, ಊರಿಗೆ ಈಗ ತಾನೆ ಕೆಲಸದ ಮೇಲೆ ಬಂದವನಂತೆ ಇಳಿಯುತ್ತಿದ್ದ. ಬಾಡಿಗೆ ಕೊಡಲಾಗದವನು ಬಾಡಿಗೆ ತಪ್ಪಿಸಲು ದಿನಕ್ಕೆ ಎರಡು ರೂಪಾಯಿ ಕೊಡುತ್ತಿದ್ದಾನೆ ಎಂಬ ಲೆಕ್ಕ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದಕ್ಕೇ ನಗು ಬರುತ್ತಿತ್ತು. ಶಾಲೆಗೆ ಚಕ್ಕರ್ ಹೊಡೆದು ಕೆರೆ ಏರಿಯ ಮೇಲೆ ಕೂತ ದಿನಗಳಲ್ಲಿ ಇಂಥದೇ ಹಗುರ ತಲೆಗೇರುತ್ತಿತ್ತು. ಸಂಜೆ ಬೆನ್ನಿಗೆ ಬೀಳುವ ಏಟು ಗೊತ್ತಿದ್ದೂ ಮಧ್ಯಾಹ್ನ ಮಾತ್ರ ತನ್ನದು ಎನ್ನುವ ಹಗುರ.

ಹೊಂಗೆ ಮರದಡಿ ಮೇಜಿನ ಮೇಲೆ ಟೈಪ್‌ರೈಟರು ಆಗಲೇ ಬಂದು ಕೂತಿತ್ತು. ರಾತ್ರಿ ಅದನ್ನು ಪಕ್ಕದ ಛಾಪಾ ಕಾಗದ ಮಾರುವ ಕುಳ್ಳಯ್ಯನ ಗೂಡಂಗಡಿಯಲ್ಲಿ ಇಡುತ್ತಿದ್ದ, ಬೆಳಿಗ್ಗೆ ಕುಳ್ಳಯ್ಯನೇ ಹೊರಗೆ ತಂದಿಡುತ್ತಿದ್ದ. ಮೇಲೆ ಹೊದಿಸಿದ ಟವೆಲು ತೆಗೆದಾಗ ಶಿವನಂಜಪ್ಪನಿಗೆ ಮತ್ತೆ ಅದೇ ಮೊದಲ ದಿನದ ಆಸೆ, ಅದರ ಬೆನ್ನಿಗೇ ಅದೇ ಹೊಟ್ಟೆಯುರಿ. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರಿನ ಅಂಗಡಿ ತೆರೆದ ಮೇಲೆ ಅವನ ಕೈಬರಹದ ಅರ್ಜಿಯನ್ನು ಕಚೇರಿಯ ಗುಮಾಸ್ತನೊಬ್ಬ, “ಏನ್ರೀ ಇದು, ಹಳೇ ಕಾಲದ ಪತ್ರ ಇದ್ದಂಗದೆ,” ಎಂದು ಎಲ್ಲರೆದುರು ಎತ್ತಿ ಹಿಡಿದು ತೋರಿಸಿದ್ದ. ನಕ್ಕವರಲ್ಲಿ ಅರ್ಜಿ ಕೊಟ್ಟವನೂ ಇದ್ದ. ಆ ವಾರವೇ ಹುಣಸೂರಿನಲ್ಲಿ ಟೈಪಿಂಗ್ ಶಾಲೆಯೊಂದು ಮುಚ್ಚುತ್ತಿದೆ, ಕನ್ನಡದ ಮೆಷಿನ್ನು ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದರು. ಅವನು ಓಡಿದ. ಸಾವಿರದ ಐನೂರು ಅಂದದ್ದನ್ನು ಸಾವಿರದ ಮುನ್ನೂರ ಐವತ್ತಕ್ಕೆ ಇಳಿಸಿ, ಮೂರು ಕಂತಿಗೆ ಒಪ್ಪಿಸಿ, ಗೆದ್ದವನಂತೆ ತಂದ. ಟೈಪಿಂಗ್ ಶಾಲೆ ಯಾಕೆ ಮುಚ್ಚುತ್ತಿದೆ ಎಂದು ಕೇಳುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ, ಮೆಷಿನ್ನಿನ ಭಾರಕ್ಕೆ ತೊಡೆ ಜೋಮು ಹಿಡಿದಾಗ. ಮನೆಯಲ್ಲಿ ಮಾತ್ರ, “ಕುಳ್ಳಯ್ಯ ಒಂದು ಮಿಷಿನ್ ತಂದವ್ನೆ, ನಂಗೆ ಬಳಸ್ಕೋ ಅಂದವ್ನೆ,” ಎಂದಿದ್ದ. ಕಂತಿನ ದುಡ್ಡೆಲ್ಲ ಬಾಡಿಗೆಯ ದುಡ್ಡೇ. ಬ ಅಕ್ಷರದ ಕಡ್ಡಿ ಮೇಲೆದ್ದರೆ ತಾನಾಗಿ ಕೆಳಗಿಳಿಯುತ್ತಿರಲಿಲ್ಲ, ಬೆರಳಿನಿಂದ ಇಳಿಸಬೇಕು. ಹಾಗಾಗಿ ಬಾಡಿಗೆ ಎಂದು ಹೊಡೆದಾಗಲೆಲ್ಲ ಆ ಕಡ್ಡಿ ಎದ್ದು ನಿಂತು ಅವನ ಮುಖ ನೋಡುತ್ತಿತ್ತು.

ಬಾಡಿಗೆಯ ಪತ್ರಗಳಿಗೇ ಅವನ ಹೆಸರು. ಇಂಥ ಮನೆಯಲ್ಲಿ ಇರುವವರು ಇಂಥ ಕಾರಣಕ್ಕೆ ಈ ತಿಂಗಳು ಕೊಡಲಾಗುತ್ತಿಲ್ಲ ಎಂದು ಮನೆಯ ಮಾಲೀಕನಿಗೆ ಬರೆದುಕೊಡಲು ಸರಗೂರಿನಿಂದಲೂ ಜನ ಬರುತ್ತಿದ್ದರು. ಅವನು ಮೊದಲು ಬರೆಯುತ್ತಿರಲಿಲ್ಲ, ಕೇಳುತ್ತಿದ್ದ. ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ? ಅದರಲ್ಲಿ ಒಂದು ತಿಂಗಳು ಮುರಿದುಕೊಳ್ಳಲಿ. ಸಂಬಳ ಹತ್ತಕ್ಕೆ ಬರುವುದಾದರೆ ಬಾಡಿಗೆ ಒಂದಕ್ಕೆ ಯಾಕೆ, ಹನ್ನೆರಡಕ್ಕೆ ಅಂತ ಕೇಳಿ. ಎರಡು ಸಂತೆಗೆ ಒಡೆದು ಅರ್ಧ ಅರ್ಧ ಕೊಡಿ. ಊರಿಂದ ರಾಗಿ ಬರುತ್ತದಾ, ಬಾಡಿಗೆ ಬದಲು ಒಂದು ಪಲ್ಲ ಅಳೆದು ಹಾಕಿಸಿ. ಹಬ್ಬಕ್ಕೆ ಸುಣ್ಣ ಬಳಿದುಕೊಡಿ, ಕೂಲಿ ವಜಾ ಮಾಡಿಕೊಳ್ಳಲಿ. ಇಷ್ಟೆಲ್ಲ ಹೇಳಿ ಕೊನೆಗೆ, “ಕಾಗ್ದ ಆಮೇಕೆ. ಮೊದ್ಲು ಓಗಿ ಮಕ ತೋರ್ಸಿ. ಮಕ ಕಂಡ್ರೆ ಅರ್ಧ ಸಿಟ್ಟು ಅಲ್ಲೇ ಇಳಿತದೆ,” ಎನ್ನುತ್ತಿದ್ದ. ಎಷ್ಟೋ ಮಂದಿ ಕಾಗದವೇ ಬೇಡವೆಂದು ಎದ್ದು ಹೋಗಿ ಅವನ ಇಪ್ಪತ್ತು ರೂಪಾಯಿ ಹಾಳಾಗುತ್ತಿತ್ತು. ಕುಳ್ಳಯ್ಯ ಬೈಯುತ್ತಿದ್ದ. “ಲೇ ನಂಜಪ್ಪ, ನಿನ್ ಬುದ್ಧಿ ನಿನ್ ಗಲ್ಲಾಪೆಟ್ಗೆಗೇ ಕಲ್ಲಾಕ್ತದೆ ಕಣ್ಲಾ.”

ಹನ್ನೊಂದರ ಹೊತ್ತಿಗೆ ಅವನು ವಿಧವಾ ವೇತನದ ಅರ್ಜಿಯೊಂದನ್ನು ಮುಗಿಸಿ ತಲೆ ಎತ್ತಿದರೆ ಬೆಂಚಿನ ತುದಿಯಲ್ಲಿ ದೊಡ್ಡತಾಯಮ್ಮ ಕೂತಿದ್ದಳು.

ಜಗಲಿ ಬಿಟ್ಟು ಅವಳು ಬೇರೆಲ್ಲಾದರೂ ಕೂರಬಲ್ಲಳು ಎಂಬುದೇ ಅವನಿಗೆ ಮರೆತುಹೋಗಿತ್ತು. ಅವಳ ತೊಡೆಯ ಮೇಲೆ ಮೊರವಿರಲಿಲ್ಲ, ಅಡಕೆಯ ಚೀಲವಿತ್ತು. ಅವಳ ಎದುರು ನಾಲ್ಕೈದು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಓಡಬೇಕೆನ್ನಿಸಿತು, ಆದರೆ ಇಲ್ಲಿ ಹಾರಲು ಗೋಡೆಯಿಲ್ಲ, ಬುಡದಲ್ಲಿ ಕಲ್ಲೂ ಇಲ್ಲ. ಆ ಹಾಳು ನಗು ಮತ್ತೆ ಹೊಟ್ಟೆಯಿಂದ ಮೇಲಕ್ಕೆ ಬಂತು. ಅವನು ಅದನ್ನು ಕೆಮ್ಮಾಗಿಸಿಕೊಂಡ.

“ಉಂಡ್ಯಾ ನಂಜಪ್ಪ?” ಎಂದಳು.

“ಆಯ್ತು ಅವ್ವ. ನೀವು... ಇಷ್ಟು ದೂರ...”

“ಒಂದು ನೋಟೀಸು ಬರೀಬೇಕಾಗಿತ್ತು ಕಣಪ್ಪ. ಬಾಡ್ಗೆ ಕೊಡದೋನ್ಗೆ. ನೀನಾದ್ರೆ ಗಟ್ಟಿಯಾಗ್ ಬರೀತೀಯ ಅಂತ ಬಂದೆ.”

“ಯಾರ್ಗೆ?” ಎಂದು ಕೇಳಿದ್ದು ಕುಳ್ಳಯ್ಯ.

“ಎಸ್ರು ಕಡೀಗೆ ಯೋಳ್ತೀನಿ. ಇಲ್ಲಿ ಕಿವಿ ಜಾಸ್ತಿ ಅವೆ,” ಎಂದು ಅವಳು ಬೆಂಚಿನ ಕಡೆ ಗಲ್ಲ ತಿರುಗಿಸಿದಳು. “ಮೊದ್ಲು ಇಸ್ಯ ಬರಿ.”

ಎಷ್ಟು ದೊಡ್ಡ ಮನಸ್ಸು, ಎಂದುಕೊಂಡ ಶಿವನಂಜಪ್ಪ. ನನ್ನ ಮಾನ ಉಳಿಸಲು ಹೆಸರು ಹೇಳುತ್ತಿಲ್ಲ. ಮಾನ ಉಳಿಸುತ್ತಲೇ ಮನೆ ಬಿಡಿಸುತ್ತಿದ್ದಾಳೆ. ಅವನು ಕಾಗದವನ್ನು ಸುರುಳಿಗೆ ಏರಿಸಿದ. ಮೈಯೆಲ್ಲ ಹತ್ತಿಯಂತೆ ಆಗಿತ್ತು. ಜಾತ್ರೆಯ ತಿರುಗುತೊಟ್ಟಿಲು ಅತಿ ಮೇಲಕ್ಕೆ ಹೋಗಿ ಒಂದು ಗಳಿಗೆ ನಿಲ್ಲುತ್ತದಲ್ಲ, ಆಗ ಕೆಳಗಿನ ಜನ ಕಾಳಿನಷ್ಟಾಗಿ ಕಾಣುತ್ತಾರಲ್ಲ, ಅಲ್ಲಿ ಕೂತಿದ್ದ ಅವನು.

“ಎಷ್ಟು ತಿಂಗ್ಳವ್ವ?”

“ಮೂರು.”

“ಕೇಳಿದ್ರಾ?”

“ಕೇಳಕ್ಕೆ ಮಕ ತೋರ್ಸಬೇಕಲ್ಲಪ್ಪ. ನನ್ ಕಂಡ್ರೆ ಇತ್ತಲ ಕಡೆಯಿಂದ ಓಯ್ತಾನೆ. ಬಂದು ‘ಅವ್ವ, ಇಂಗಾಯ್ತು, ಎಲ್ಡ್ ತಿಂಗ್ಳು ತಡ್ಕೊ’ ಅಂದಿದ್ರೆ ನಾನೇನು ಉಲಿಯಾ ತಿಂದಾಕಕ್ಕೆ? ಎಲ್ರಿಗೂ ನೀನೇ ಯೋಳ್ತೀಯಲ್ಲ, ಮೊದ್ಲು ಮಕ ತೋರ್ಸಿ ಅಂತ.”

“ಹೌದವ್ವ,” ಎಂದ ಶಿವನಂಜಪ್ಪ. “ಅವನ್ಗೂ ಏನೋ ಕಷ್ಟ ಇರಬೈದು.”

“ಕಷ್ಟ ಇದ್ದೋನು ಯೋಳ್ಕೊತಾನೆ. ಇವನ್ಗೆ ನಾಚ್ಕೆ. ನಾಚ್ಕೆಗೆ ಎಂಗಪ್ಪ ವಾಯ್ದೆ ಕೊಡದು?”

ಬೆರಳುಗಳು ಆಗಲೇ ಓಡುತ್ತಿದ್ದವು. ‘ನನಗೆ ಸೇರಿದ ಸ್ವತ್ತಿನಲ್ಲಿ ಬಾಡಿಗೆಗೆ ಇರುವ ತಾವು ಕಳೆದ ಮೂರು ತಿಂಗಳಿಂದ ಬಾಡಿಗೆ ಪಾವತಿಸದೆ, ಮುಖ ತಪ್ಪಿಸಿ ಓಡಾಡುತ್ತಾ...’ ಬ ಎದ್ದು ನಿಂತಿತು, ಇಳಿಸಿದ. ಮತ್ತೆ ಎದ್ದಿತು, ಮತ್ತೆ ಇಳಿಸಿದ. ಇಷ್ಟು ವರ್ಷ ಬಾಡಿಗೆದಾರರ ಕಡೆಯಿಂದಲೇ ಬರೆದವನಿಗೆ ಎದುರಿನ ಕಡೆಯಿಂದ ಬರೆಯುವುದು ಇಷ್ಟು ಸಲೀಸೆಂದು ಗೊತ್ತಿರಲಿಲ್ಲ. ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದು ಒಳಗಿನಿಂದಲೇ ಗೊತ್ತಿತ್ತಲ್ಲ. ‘ತಮ್ಮಂಥ ತಿಳಿವಳಿಕಸ್ಥರೇ ಹೀಗೆ ಮಾಡುವುದು ವಿಷಾದನೀಯ’ ಎಂಬುದನ್ನು ಹೊಡೆದಾಗ ಬರೆದವನಾಗಿ ಹೆಮ್ಮೆಯೂ, ಓದುವವನಾಗಿ ಅಳುವೂ ಒಟ್ಟಿಗೇ ಬಂದವು.

“ಗಡುವು ಆಕ್ಬೇಕವ್ವ. ಹದಿನೈದು ದಿನ.”

“ಜಾಸ್ತಿ ಆಗ್ನಿಲ್ವಾ? ಒಂದ್ ವಾರ ಸಾಕು.”

“ಹದಿನೈದು ಅಂದ್ರೆ ಗಟ್ಟಿಯಾಗಿ ಕಾಣ್ತದೆ. ಒಂದು ವಾರ ಅಂದ್ರೆ ಸಿಟ್ಟಲ್ಲಿ ಬರೆದವ್ರೆ ಅಂತ ಅನ್ಕೊತಾನೆ.”

“ಅಂಗೇ ಆಗ್ಲಿ. ಇದ್ನ ಅವನ್ ಕೈಗೇ ಕೊಟ್ಬುಡ್ಲಾ?”

ಕೊಟ್ಟುಬಿಡಿ ಎಂದರೆ ಮುಗಿಯುತ್ತಿತ್ತು. ಈಗಲೇ ಕೈಚಾಚಿ ಈಸಿಕೊಂಡು ಜೇಬಿಗಿಟ್ಟುಕೊಳ್ಳಬಹುದಿತ್ತು, ಶಾಂತಲಾ ಎಂದೂ ನೋಡುತ್ತಿರಲಿಲ್ಲ. ಆದರೆ ಹದಿನೆಂಟು ವರ್ಷ ಈ ಮರದಡಿ ಕೂತ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು. “ಬ್ಯಾಡಿ ಅವ್ವ. ಕೈಲಿ ಕೊಟ್ರೆ ನಾಳೆ ಸಿಕ್ಕೇ ಇಲ್ಲ ಅಂತಾನೆ. ರಿಜಿಸ್ಟರ್ ಮಾಡ್ಸಿ. ಮನೇಲಿ ಯಾರಾರ ಸೈನು ಆಕಿ ಈಸ್ಕೊತಾರೆ. ಆ ಕಾರ್ಡು ನಿಮ್ಗೆ ವಾಪಸ್ ಬತ್ತದೆ, ಅದೇ ಸಾಕ್ಷಿ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಕೇಳಿಸಿತು. ಪೋಸ್ಟ್‌ಮ್ಯಾನ್ ಹನ್ನೆರಡಕ್ಕೆ ವಠಾರಕ್ಕೆ ಬರುತ್ತಾನೆ. ಶಾಂತಲಾ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ತವರೂರು ಭೇರ್ಯದ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸೈನು ಹಾಕುತ್ತಾಳೆ. ಲಕೋಟೆಯನ್ನು ಹೊಸ್ತಿಲಲ್ಲೇ ಒಡೆಯುತ್ತಾಳೆ. ‘ಮುಖ ತಪ್ಪಿಸಿ ಓಡಾಡುತ್ತಾ’ ಎಂಬಲ್ಲಿಗೆ ಬಂದಾಗ ಹುಬ್ಬು ಗಂಟಾಗುತ್ತದೆ. ಮದುವೆಯಾದ ಹೊಸದರಲ್ಲಿ, ನೀವು ಬರೆದದ್ದನ್ನು ಓದಿದರೆ ಯಾರಿಗೂ ಇಲ್ಲ ಅನ್ನಕ್ಕೆ ಮನಸ್ಸು ಬರೋದಿಲ್ಲ ಅಂದಿದ್ದಳು. ಈಗ ಅವನೇ ಬರೆದದ್ದು ಅವಳಿಗೆ ಹೋಗುತ್ತದೆ, ಅವನೇ ಕೊಟ್ಟ ಸಲಹೆಯ ಪ್ರಕಾರ, ಅಂಚೆ ಇಲಾಖೆಯ ಗ್ಯಾರಂಟಿಯೊಡನೆ. ಇದಕ್ಕಿಂತ ಚೆನ್ನಾಗಿ ತನ್ನನ್ನು ತಾನೇ ಹಿಡಿದುಕೊಟ್ಟವನು ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ. ತಿರುಗುತೊಟ್ಟಿಲು ಇಳಿಯತೊಡಗಿತು. ಅವಳು ಹೆಸರು ಹೇಳುವುದಕ್ಕೂ ಕಾಯದೆ ಅವನು ಕೊನೆಯ ಸಾಲನ್ನೂ ಹೊಡೆದು ಕಾಗದ ಹೊರಗೆಳೆದ.

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಒಪ್ಪಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅವನ ಪದ್ಧತಿ. ಓದಿದ. ಸರದಿಯವರು ಮಾತು ನಿಲ್ಲಿಸಿ ಕೇಳಿದರು. ವಿಷಾದನೀಯ ಎಂಬಲ್ಲಿ ಒಬ್ಬ ತಲೆಯಾಡಿಸಿದ. ಕೊನೆಗೆ ವಿಳಾಸ. ಅದನ್ನೂ ಅವನು ಅದೇ ಧಾಟಿಯಲ್ಲಿ, ಮದುವೆ ಪತ್ರಿಕೆ ಓದುವವನಂತೆ ಓದಿದ. “ಗೆ, ಶ್ರೀ ಶಿವನಂಜಪ್ಪ, ಐದನೇ ಮನೆ, ದೊಡ್ಡತಾಯಮ್ಮನವರ ವಠಾರ, ಹೆಗ್ಗಡದೇವನಕೋಟೆ.”

ಕುಳ್ಳಯ್ಯ ಕಾಗದದ ಮೇಲೆ ಬಗ್ಗಿ ನೋಡಿ, “ಲೇ, ಅದು ನಿನ್ ಎಸ್ರಲ್ವೇನ್ಲಾ?” ಎಂದ.

ದೊಡ್ಡತಾಯಮ್ಮ ಅಡಕೆ ಜಗಿಯುವುದನ್ನು ನಿಲ್ಲಿಸಿದ್ದಳು. “ಯಾಕಪ್ಪ ನಿನ್ ಎಸ್ರು ಬರ್ಕೊಂಡೆ? ನಾನ್ ಬರ್ಸಕ್ ಬಂದದ್ದು ಸೈಕಲ್ ಶಾಪಿನ ನಟರಾಜಂಗೆ ಕಣಪ್ಪ. ಬೀದಿ ಕಡೆ ಮಳಿಗೆಲಿ ಅವ್ನಲ್ಲ, ಅವನ್ಗೆ.”

“ನಾನೂ ಮೂರು ತಿಂಗ್ಳು ಕೊಟ್ಟಿಲ್ವಲ್ಲವ್ವ,” ಎಂದ ಶಿವನಂಜಪ್ಪ.

ಇಷ್ಟು ಜನರ ಮುಂದೆ ಹೇಳಿಬಿಟ್ಟಿದ್ದ. ಗೋಡೆ ಹಾರಿ, ಹಳ್ಳ ದಾಟಿ, ಬಸ್ಸು ಹಿಡಿದು ಕಾಪಾಡಿಕೊಂಡ ಮಾತು ಬಾಯಿಂದ ಉದುರಿ ಮೇಜಿನ ಮೇಲೆ ಬಿದ್ದಿತ್ತು. ಬಿದ್ದರೂ ಏನೂ ಒಡೆಯಲಿಲ್ಲ. ಮರದ ಮೇಲೆ ಕಾಗೆ ಕೂಗುತ್ತಲೇ ಇತ್ತು.

“ನೀನ್ ಕೊಟ್ಟಿಲ್ಲ,” ಎಂದಳು ದೊಡ್ಡತಾಯಮ್ಮ. “ನಿನ್ ಎಂಡ್ರು ಕೊಟ್ಟವ್ಳೆ. ಮೂರೂ ತಿಂಗ್ಳು, ಸರ್ಯಾಗಿ ಐದನೇ ತಾರೀಕ್ಗೆ.”

“ಶಾಂತಲನಾ? ಅವಳತ್ರ ಎಲ್ಲಿತ್ತವ್ವ?”

“ಎಂಗಸ್ರ ಸಂಘದಾಗೆ ಸಾಲ ಎತ್ತವ್ಳೆ. ನಾನೇ ಜಾಮೀನು ಬಿದ್ದೀನಿ. ಬಟ್ಟೆ ಒಗೆಯೋವಾಗ ನಿನ್ ಜೇಬಲ್ಲಿ ಹುಣಸೂರಿನ ಚೀಟಿ ಸಿಕ್ತಂತೆ, ಮಿಸನ್ನು ಕಂತು ಅಂತ. ಬಾಡ್ಗೆ ಕಟ್ಟಕ್ಕೆ ಅಂದ್ರೆ ಸಂಘದಾಗೆ ಸಾಲ ಕೊಡಕಿಲ್ಲ, ಕಸುಬಿಗೆ ಅಂದ್ರೆ ಕೊಡ್ತಾರೆ. ಅದ್ಕೆ ‘ಗಂಡನ ಕಸುಬಿಗೆ ಬರೆಯೋ ಮಿಸನ್ನು ತರಕ್ಕೆ’ ಅಂತ ಬರೆದು ಸೈನು ಆಕಿದ್ಲು. ಸುಳ್ಳೇನ್ ಬಂತು ಅದ್ರಲ್ಲಿ? ಮಿಸನ್ನು ಬಂದದೆ, ಬಾಡ್ಗೆನೂ ಬಂದದೆ. ಇವತ್ತು ನಾಲ್ಕು ಗಂಟ್ಗೆ ಸಂಘದ ಎಂಗಸ್ರು ಮಿಸನ್ನು ನೋಡಕ್ ಬತ್ತಾರೆ. ನೀನೋ ಅದು ಕುಳ್ಳಯ್ಯಂದು ಅಂತ ಯೋಳ್ಕೊಂಡ್ ತಿರುಗ್ತಿದೀಯಂತೆ.”

“ನಂದಾ?” ಎಂದ ಕುಳ್ಳಯ್ಯ. “ಯಾವಾಗ್ಲಾ ನಂದಾಯ್ತು? ಮೂರು ತಿಂಗ್ಳಿಂದ ಹೊತ್ತಾಕಿ ಬೆನ್ನು ಬಿದ್ದೋಗದೆ, ನಂದೇ ಅಂತ ಗೊತ್ತಿದ್ರೆ ಮಾರ್ಕೊಂಬುಡ್ತಿದ್ದೆ.”

ಬೆಂಚಿನ ಜನ ನಕ್ಕರು. ಶಿವನಂಜಪ್ಪನೂ ನಕ್ಕ, ಬೆಳಗಿನಿಂದ, ಅಲ್ಲ ಮೂರು ತಿಂಗಳಿನಿಂದ, ಕೆಮ್ಮಾಗಿಸಿ ನುಂಗಿದ್ದೆಲ್ಲ ಒಟ್ಟಿಗೆ ಬಂದು ಕಣ್ಣಲ್ಲಿ ನೀರಾಡಿತು. ನಗುವಿನ ಅಡಿಯಲ್ಲಿ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಚೀಟಿ ಸಿಕ್ಕ ಮೇಲೂ ಅವಳು ತಿಂಗಳು ತಿಂಗಳು “ಬಾಡಿಗೆ ಕೊಟ್ರಾ?” ಎಂದು ಕೇಳಿದ್ದಳಲ್ಲ. ಅವನು ಹೇಳಲಿ ಎಂದು ಬಾಗಿಲು ತೆಗೆದಿಟ್ಟಿದ್ದಳು. ಅವನು ಅನ್ನ ಕಲೆಸಿದ್ದ.

ಅವನು ಹೊಸ ಕಾಗದ ಎತ್ತಿಕೊಂಡು, ನಟರಾಜು ಎಂದು ಹೊಡೆಯಲು ಹೋಗಿ, ಬಿಟ್ಟ. “ಅವ್ವ, ಅವನ್ಗೆ ನೋಟೀಸು ಬ್ಯಾಡ. ನಾನೇ ಓಗಿ ಅವನ್ನ ನಿಮ್ ಜಗ್ಲಿಗೆ ಕರ್ಕೊಂಬತ್ತೀನಿ. ನಾಚ್ಕೆ ಎಂಗಿರ್ತದೆ ಅಂತ ನಂಗೆ ಗೊತ್ತು.”

“ಕರ್ಕೊಂಬಾ. ಅಂಗಂತ ಇದ್ನ ಅರೀಬ್ಯಾಡ,” ಎಂದು ದೊಡ್ಡತಾಯಮ್ಮ ಅವನ ಹೆಸರಿನ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಅಡಕೆಯ ಚೀಲಕ್ಕೆ ಹಾಕಿಕೊಂಡಳು. ಇಪ್ಪತ್ತರ ನೋಟೊಂದನ್ನು ಮೇಜಿನ ಮೇಲಿಟ್ಟಳು. “ದುಡ್ ಕೊಟ್ಟು ಬರ್ಸಿದ್ದು. ಚಂದಾಗ್ ಬರ್ದಿದ್ದೀಯ. ಯಾವತ್ತಾರ ಬೇಕಾಯ್ತದೆ.”

ಮೂರು ಗಂಟೆಗೆ ಅವನು ಟವೆಲನ್ನು ಸಿಂಬಿ ಮಾಡಿ ಹೆಗಲಿಗಿಟ್ಟು ಮೆಷಿನ್ನು ಹೊತ್ತ. ಬಸ್ ಸ್ಟ್ಯಾಂಡಿನ ಹತ್ತಿರ ಬೆಳಗಿನ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, “ಏನ್ ಯಜಮಾನ್ರೆ, ಇವತ್ತು ಕಾಲ್ನಡಿಗೆ?” ಎಂದ. ಎಲ್ಲರಿಗೂ ಎಲ್ಲವೂ ಗೊತ್ತಿತ್ತೇನೋ. ಇರಲಿ. ಹೆಗಲು ನೋಯುತ್ತಿತ್ತು, ಹೆಜ್ಜೆಗೊಂದು ಸಲ ಮೆಷಿನ್ನಿನ ಗಂಟೆ ತಾನಾಗಿ ಟಿಣ್ ಎನ್ನುತ್ತಿತ್ತು, ಬೀದಿಯ ಜನ ತಿರುಗಿ ನೋಡುತ್ತಿದ್ದರು. ಸೈಕಲ್ ಶಾಪಿನ ನಟರಾಜು ಅವನನ್ನು ಕಂಡು ಹಿಂದಿನ ಬಾಗಿಲ ಕಡೆ ಸರಿದ. “ನಾಳೆ ಬೆಳಿಗ್ಗೆ ಬತ್ತೀನಿ, ರೆಡಿಯಾಗಿರು, ಇಬ್ರೂ ಒಟ್ಗೆ ಓಗಾನ,” ಎಂದು ಕೂಗಿ ಹೇಳಿ ಶಿವನಂಜಪ್ಪ ಮುಂದಕ್ಕೆ ನಡೆದ. ಜಗಲಿಯ ಮೇಲೆ ಮೊರ ಮರಳಿ ತೊಡೆಗೆ ಬಂದಿತ್ತು. ಅವನು ನಿಂತ, ಮುಖ ತೋರಿಸಿದ. “ಓಗು ಓಗು, ಬಂದವ್ರೆ,” ಎಂದಳು ದೊಡ್ಡತಾಯಮ್ಮ.

ಐದನೇ ಮನೆಯ ಮುಂದೆ ನಾಲ್ಕೈದು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಶಾಂತಲಾ ಬಾಗಿಲಲ್ಲಿ ನಿಂತು ಅವನನ್ನು, ಹೆಗಲ ಮೇಲಿನದನ್ನು, ಅವನ ಚಪ್ಪಲಿಯನ್ನು ನೋಡಿದಳು. ಚಪ್ಪಲಿಯಲ್ಲಿ ಕೆಸರಿರಲಿಲ್ಲ. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹದಿನೆಂಟು ವರ್ಷ ಎಲ್ಲರ ಪರವಾಗಿ ಬರೆದವನಿಗೆ ಮೊದಲ ಸಾಲು ಸಿಗಲಿಲ್ಲ.

“ಬಾಡಿಗೆ ಕೊಟ್ಟಿರ್ಲಿಲ್ಲ,” ಎಂದ ಕೊನೆಗೆ. ಅಷ್ಟು ಹೆಂಗಸರ ಮುಂದೆ.

“ಹ್ಞೂ,” ಎಂದಳು ಶಾಂತಲಾ, ಅನ್ನ ಕಲೆಸುವಾಗ ಅವನು ಅನ್ನುತ್ತಿದ್ದ ಹಾಗೆಯೇ. ಹೆಂಗಸರಲ್ಲಿ ಒಬ್ಬಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಅದ್ನ ಬಾಗ್ಲ ಪಕ್ಕದ ಬೆಂಚಿನ ಮೇಲೆ ಇಡಿ. ಬೆಂಚಿಂದು ಒಂದು ಕಾಲು ಗಿಡ್ಡ, ಅಲ್ಲಾಡ್ತದೆ. ಹಿತ್ತಲ ಗೋಡೆ ಬುಡದಲ್ಲಿರೋ ಕಲ್ಲು ತಂದು ಅದರಡಿಗೆ ಕೊಡಿ. ಇನ್ನು ಅಲ್ಲಿ ಬೇಕಾಗಿಲ್ವಲ್ಲ.”

ಅವನು ಹಿತ್ತಲಿಗೆ ಹೊರಟ. ಹಿಂದಿನಿಂದ ಅವಳ ಮಾತು ಬಂತು.

“ನೋಡ್ಕೊಂಡು ಎತ್ತಿ, ಭಾರ ಅದೆ. ಅವತ್ತು ಅಲ್ಲಿಗೆ ಹೊತ್ತಾಕೋವಾಗ್ಲೇ ನನ್ ಸೊಂಟ ಹಿಡ್ಕೊಂಡಿತ್ತು.”